ಕಡಲಿಗೆ ಮುಖ ಮಾಡಿದ ಕೋಣೆ: ಉಳ್ಳಾಲದ ಸಮ್ಮರ್ ಸ್ಯಾಂಡ್ಸ್ ಮತ್ತು ಮಂಗಳೂರಿನ ಬೀಚ್ ಹೋಟೆಲ್ ಕಥೆ

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತಿದ್ದೀರಾ? ಹಾಗಾದ್ರೆ ಒಂದು ಪ್ರಶ್ನೆಯಿಂದ ಶುರು ಮಾಡೋಣ. ಹೋಟೆಲ್ ಅಂದ್ರೆ ಏನು ಅಂತ ಅರ್ಧ ಭಾರತಕ್ಕೆ ಕಲಿಸಿದವರು ನಮ್ಮ ಉಡುಪಿ-ಮಂಗಳೂರು ಕಡೆಯವರು. ಮುಂಬೈಗೆ ಹೋಗಿ, ಚೆನ್ನೈಗೆ ಹೋಗಿ, ದುಬೈಗೆ ಹೋಗಿ, ಎಲ್ಲ ಕಡೆ ನಮ್ಮವರ ಹೋಟೆಲ್ ಉಂಟು. ಆದ್ರೆ ನಮ್ಮದೇ ಮಂಗಳೂರಲ್ಲಿ, ಕಣ್ಣೆದುರು ಇಷ್ಟುದ್ದ ಕಡಲಿದ್ರೂ, ಗೋವಾದಲ್ಲಿರುವ ಹಾಗೆ ಸಾಲುಸಾಲು ಬೀಚ್ ಹೋಟೆಲ್ ಯಾಕಿಲ್ಲ?

ಬೀಚ್ ರೆಸಾರ್ಟ್ ಅಂದಾಗ ಮಂಗಳೂರಿನ ಹಳಬರು ಮೊದಲು ಹೇಳುವ ಹೆಸರು ಒಂದೇ. ಉಳ್ಳಾಲದ ಸಮ್ಮರ್ ಸ್ಯಾಂಡ್ಸ್. ಮದುವೆ ಫೋಟೊ ಆಲ್ಬಂಗಳಲ್ಲಿ, ಬ್ಯಾಗ್ ಹೊತ್ತು ಬರುವ ವಿದೇಶಿಯರ ಗೈಡ್ ಪುಸ್ತಕಗಳಲ್ಲಿ ಕಾಣಿಸಿಕೊಂಡ ಜಾಗ ಅದು. ಇವತ್ತಿನ ಮಾತು ಅದರ ಸುತ್ತ.

ಮೊದಲು ಮ್ಯಾಪ್ ತೆಗೀರಿ. ನಿಜವಾಗ್ಲೂ, ಫೋನಲ್ಲಿ ಮ್ಯಾಪ್ ತೆಗೆದು ಮಂಗಳೂರನ್ನು ಸ್ವಲ್ಪ ಝೂಮ್ ಮಾಡಿ. ಹಳೇ ಊರು, ಅಂದ್ರೆ ಬಂದರು, ಪಾಂಡೇಶ್ವರ, ಬೋಳಾರ, ಇದ್ಯಾವುದೂ ಕಡಲನ್ನು ಮುಟ್ಟೋದೇ ಇಲ್ಲ! ಮುಟ್ಟೋದು ನದಿಯನ್ನು. ಉತ್ತರದಿಂದ ಫಲ್ಗುಣಿ ಬರ್ತಾಳೆ, ನಾವು ಗುರುಪುರ ನದಿ ಅಂತೀವಲ್ಲ, ಅವಳೇ. ಪೂರ್ವದಿಂದ ನೇತ್ರಾವತಿ ಬರ್ತಾಳೆ. ಇಬ್ಬರೂ ಸೇರಿ ಒಂದೇ ಅಳಿವೆ ಬಾಗಿಲಲ್ಲಿ ಕಡಲು ಸೇರ್ತಾರೆ. ಊರಿಗೂ ಕಡಲಿಗೂ ನಡುವೆ ಎರಡು ತೆಳ್ಳಗಿನ ಮರಳ ನಾಲಿಗೆ. ಉತ್ತರದ ಕಡೆಯದ್ದು ಬೆಂಗ್ರೆ, ದಕ್ಷಿಣದ ಕಡೆಯದ್ದು ಉಳ್ಳಾಲದ ಕೋಟೆಪುರ. ಹಾಗಾಗಿ ಮಂಗಳೂರಿನವನಿಗೆ ಕಡಲು ನೋಡ್ಬೇಕು ಅಂದ್ರೆ ಹೊಳೆ ದಾಟ್ಬೇಕು. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿ ಹತ್ತುವವರಿಗೆ ಇದು ಗೊತ್ತೇ ಉಂಟು.

ಈ ಅಳಿವೆಯ ಒಳಗೆ ಹಡಗು ನಿಲ್ಲಿಸಬಹುದಿತ್ತು. ಅದಕ್ಕೇ ಊರು ಬೆಳೆದದ್ದು, ಅದಕ್ಕೇ ಅತಿಥಿಗಳು ಬಂದದ್ದು. ಮೊರೊಕ್ಕೊದ ಇಬ್ನ್ ಬತೂತ 1340ರ ದಶಕದಲ್ಲಿ ಇಲ್ಲಿಗೆ ಬಂದ. ಪರ್ಷಿಯಾ ಮತ್ತು ಯೆಮನ್ ವ್ಯಾಪಾರಿಗಳು ಇಳಿಯುವ ಊರು, ಕರಿಮೆಣಸು ಮತ್ತು ಶುಂಠಿ ರಾಶಿ ರಾಶಿ ಸಿಗುವ ಊರು ಅಂತ ಬರೆದಿದ್ದಾನೆ. ಅವನು ಊರನ್ನು ಕರೆದದ್ದು 'ಮಂಜರೂರ್' ಅಂತ. ಅವನ ಚೆಕ್-ಇನ್ ಕಥೆ ಮಜಾ ಉಂಟು. ಊರಿನ ಖಾಜಿ ಹಡಗಿಗೇ ಬಂದು, ಇಳೀರಿ, ನಮ್ಮಲ್ಲಿ ಇರಿ ಅಂತ ಕೇಳ್ಕೊಂಡರಂತೆ. ಈ ಪುಣ್ಯಾತ್ಮ ಹೇಳಿದ್ದು, ನಿಮ್ಮ ರಾಜ ತನ್ನ ಮಗನನ್ನು ನನ್ನ ಹಡಗಿಗೆ ಒತ್ತೆ ಕಳಿಸಿದ್ರೆ ಮಾತ್ರ ಇಳೀತೇನೆ ಅಂತ. ರಾಜ ಮಗನನ್ನು ಕಳಿಸಿದ. ಆಮೇಲೆ ಇವನು ಇಳಿದು ಮೂರು ದಿನ ರಾಜೋಪಚಾರ ಮಾಡಿಸ್ಕೊಂಡ. ಇವತ್ತು ನಾವು ಆಧಾರ್ ಕಾರ್ಡ್ ಜೆರಾಕ್ಸ್ ಕೊಟ್ಟು ರೂಮ್ ತಗೊಳ್ತೇವೆ. ಅವನು ರಾಜಕುಮಾರನನ್ನೇ ಅಡವಿಟ್ಟುಕೊಂಡು ರೂಮ್ ತಗೊಂಡ.

ಅದೇ ಹಳೇ ಹೆಸರನ್ನು ಆರು ಶತಮಾನ ಆದ್ಮೇಲೆ ತಾಜ್ ಗುಂಪಿನವರು ಎತ್ತಿಕೊಂಡರು. ಹಳೇ ಬಂದರು ರಸ್ತೆಯಲ್ಲಿ ಅವರು ನಡೆಸಿದ ಹೋಟೆಲಿನ ಹೆಸರು 'ತಾಜ್ ಮಂಜರುನ್'. ಆಮೇಲೆ ಅದು ಗೇಟ್‌ವೇ ಆಯ್ತು, ಮತ್ತೆ ವಿವಾಂತ ಆಯ್ತು. ಆದ್ರೂ ರಿಕ್ಷಾದಲ್ಲಿ ಕೂತು 'ಮಂಜರುನ್' ಅಂದ್ರೆ ಅರ್ಥ ಮಾಡ್ಕೊಳ್ಳುವ ಒಂದು ತಲೆಮಾರು ಊರಲ್ಲಿ ಇನ್ನೂ ಉಂಟು. ಪಂಚತಾರಾ ಗತ್ತು ಅಂದ್ರೆ ಏನು ಅಂತ ಊರಿಗೆ ತೋರಿಸಿದ ಹೋಟೆಲುಗಳಲ್ಲಿ ಅದೂ ಒಂದು. ಆದ್ರೆ ಅದು ಬೀಚ್ ಹೋಟೆಲ್ ಅಲ್ಲ. ಮೇಲಿನ ಮಹಡಿಯ ಕಿಟಕಿಯಿಂದ ಕಡಲು ಕಾಣ್ತದೆ ಸರಿ, ನಡುವೆ ಹೊಳೆ, ಹೊಳೆಯಾಚೆ ಬೆಂಗ್ರೆಯ ಮನೆಗಳು.

ಹಾಗಾಗಿ ಕಾಲಿಗೆ ಮರಳು ಅಂಟ್ಬೇಕು ಅಂದ್ರೆ ನೇತ್ರಾವತಿ ದಾಟಿ ಉಳ್ಳಾಲಕ್ಕೇ ಹೋಗ್ಬೇಕು. ಪೇಟೆಯಿಂದ ಸುಮಾರು 10 ಕಿ.ಮೀ.

ಉಳ್ಳಾಲ ಅಂದ್ರೆ ರಾಣಿ ಅಬ್ಬಕ್ಕ. ಪೋರ್ಚುಗೀಸರ ನಿದ್ದೆ ಕೆಡಿಸಿದ ಚೌಟ ಮನೆತನದ ರಾಣಿ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಲ್ಲಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡ. ಅವನು ಎಣಿಸಿದ್ದು ದರ್ಬಾರು, ಸಿಂಹಾಸನ, ಆಭರಣ. ಕಂಡದ್ದು ಬರಿಗಾಲಲ್ಲಿ ನಿಂತು, ತಾಳೆಗರಿ ಕೊಡೆಯ ನೆರಳಲ್ಲಿ ಮಣ್ಣಿನ ಕೆಲಸದ ಉಸ್ತುವಾರಿ ಮಾಡುತ್ತಿದ್ದ ಹೆಂಗಸನ್ನು. ಅವನಿಗೆ ಆಶ್ಚರ್ಯ. ನಮಗೇನೂ ಆಶ್ಚರ್ಯ ಇಲ್ಲ, ಈ ಕಡೆಯ ಯಜಮಾನ್ತಿಯರು ತೋಟದಲ್ಲಿ ಹೀಗೇ ನಿಲ್ಲೋದು.

ಸಮ್ಮರ್ ಸ್ಯಾಂಡ್ಸ್‌ನ ಗ್ಲಾಮರ್ ಕೂಡ ಹೆಚ್ಚುಕಮ್ಮಿ ಇದೇ ಜಾತಿಯದ್ದು ಅಂತ ನನಗೆ ಅನ್ನಿಸ್ತದೆ. ಗಾಜಿನ ಗೋಪುರ ಅಲ್ಲ, ಹೊಳೆಯುವ ಲಾಬಿ ಅಲ್ಲ. ತೆಂಗಿನ ತೋಟದ ನಡುವೆ ಹರಡಿಕೊಂಡ ಕಾಟೇಜುಗಳು, ಊರಿನ ಮನೆಗಳ ಹಾಗೇ ಇಳಿಜಾರು ಮಾಡು, ಒಂದು ಈಜುಕೊಳ, ಆಚೆ ಕಡಲು. ಹಂಚಿನ ಮಾಡು ಈ ಊರಿಗೆ ದೊಡ್ಡ ವಿಷಯ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು, ನೇತ್ರಾವತಿ ದಡದ ಜೇಡಿಮಣ್ಣಿನಿಂದ. 'ಮಂಗಳೂರು ಹಂಚು' ಹಡಗು ಹತ್ತಿ ಲೋಕ ಸುತ್ತಿತು. ಇವತ್ತು ಬೇರೆ ಊರಿನ ಲಕ್ಷುರಿ ರೆಸಾರ್ಟ್‌ಗಳು ಸಾವಿರಾರು ರೂಪಾಯಿ ತಗೊಂಡು ತೋರಿಸುವ 'ವಿಂಟೇಜ್ ಟೈಲ್ಡ್ ರೂಫ್' ನಮ್ಮ ಅಜ್ಜಿಮನೆಯ ಮಾಡು ಮಾರಾಯ್ರೆ!

ಇಂಥ ರೆಸಾರ್ಟ್‌ಗೆ ಯಾರು ಬರ್ತಾರೆ? 1970ರ ದಶಕದಿಂದ ಊರಿನ ನಸೀಬು ಬದಲಾದದ್ದನ್ನು ನೋಡಿದ್ರೆ ಗೊತ್ತಾಗ್ತದೆ. ಬಜಪೆಯಲ್ಲಿ 1951ರಿಂದಲೇ ವಿಮಾನ ಇಳಿಯುತ್ತಿತ್ತು. 1975ರ ಜನವರಿಯಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರನ್ನು ಇಂದಿರಾ ಗಾಂಧಿ ಉದ್ಘಾಟಿಸಿದ್ರು. ಪಕ್ಕದಲ್ಲೇ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ಬಂತು, ಕುದುರೆಮುಖದ ಅದಿರು ಬಂತು, ಆಮೇಲೆ ಎಂಆರ್‌ಪಿಎಲ್. ಗಲ್ಫ್‌ಗೆ ಹೋದವರು ರಜೆಗೆ ಬರತೊಡಗಿದ್ರು, ಕೈಯಲ್ಲಿ ದುಡ್ಡು, ಮನೆಯಲ್ಲಿ ಮದುವೆ. ಒಟ್ಟಿನಲ್ಲಿ ಊರಿಗೆ ಹೊರಗಿನವರು ಬರಲಿಕ್ಕೆ ಕಾರಣ ಸಿಕ್ಕಿತು, ಊರಿನವರಿಗೆ ಖರ್ಚು ಮಾಡಲಿಕ್ಕೆ ದುಡ್ಡು ಸಿಕ್ಕಿತು.

ಆದ್ರೆ ಇದೇ ಬೆಳವಣಿಗೆ ಇನ್ನೊಂದು ಕೆಲಸ ಮಾಡಿತು. ನಗರದ ಉತ್ತರದ ಕಡಲತೀರದ ದೊಡ್ಡ ಭಾಗ ಬಂದರಿಗೂ ಕಾರ್ಖಾನೆಗಳಿಗೂ ಹೋಯ್ತು. ಪಣಂಬೂರು ಬೀಚಿನಲ್ಲಿ ನಿಂತ್ರೆ ದೂರದಲ್ಲಿ ಸರದಿ ಕಾಯುವ ಹಡಗುಗಳು ಕಾಣ್ತವಲ್ಲ, ಅದು ಚೆಂದವೇ. ಆದ್ರೆ ಪಂಚತಾರಾ ಹೋಟೆಲಿನವರು ಹುಡುಕುವ ನೋಟ ಅದಲ್ಲ.

ಅದೇ ಹೊತ್ತಿಗೆ ಬೇರೆ ಕಡೆ ಏನಾಗ್ತಿತ್ತು ನೋಡಿ. ಕೋವಳಂನಲ್ಲಿ ಸರಕಾರದ ಐಟಿಡಿಸಿಯವರೇ ಚಾರ್ಲ್ಸ್ ಕೊರಿಯಾ ಅಂಥ ವಾಸ್ತುಶಿಲ್ಪಿಯ ಕೈಯಲ್ಲಿ ಗುಡ್ಡದ ಇಳಿಜಾರಿಗೆ ಒರಗಿಸಿದ ರೆಸಾರ್ಟ್ ಕಟ್ಟಿಸಿದ್ರು. ಗೋವಾದಲ್ಲಿ 1974ರಲ್ಲಿ ಪೋರ್ಚುಗೀಸರ ಹಳೇ ಕೋಟೆಯ ಜಾಗದಲ್ಲಿ ತಾಜ್‌ನ ಫೋರ್ಟ್ ಅಗ್ವಾಡ ಬಂತು. 1983ರಲ್ಲಿ ಕಾಮನ್‌ವೆಲ್ತ್ ದೇಶಗಳ ನಾಯಕರು ದಿಲ್ಲಿ ಸಮ್ಮೇಳನದ ನಡುವೆ ವಿರಾಮಕ್ಕೆ ಹೋದದ್ದು ಗೋವಾಕ್ಕೆ. ಗೋವಾದ ಬ್ರ್ಯಾಂಡ್ ತನ್ನಷ್ಟಕ್ಕೆ ಆದದ್ದಲ್ಲ. ಸರಕಾರ ಮತ್ತು ದೊಡ್ಡ ಕಂಪೆನಿಗಳು ಸೇರಿ ಕಟ್ಟಿದ್ದು. ನಮ್ಮ ಕಡೆ ಬಂದ ಸರಕಾರಿ ದುಡ್ಡು ಬಂದರಿಗೆ, ಗೊಬ್ಬರಕ್ಕೆ, ಅದಿರಿಗೆ ಬಂತು. ತಪ್ಪು ಅಂತ ನಾನು ಹೇಳೋದಿಲ್ಲ. ಬಂದರಿನಿಂದ ಊಟ ಮಾಡುವ ಮನೆಗಳು ಸಾವಿರಾರು ಉಂಟು.

ನಮ್ಮವರ ಹೋಟೆಲ್ ಬುದ್ಧಿ ಎಲ್ಲಿ ಹೋಯ್ತು ಅಂದ್ರೆ, ಹೊರಗೆ. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ರಾಮನಾಡಿನ ಅರಸು ಮನೆತನದ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ಹೋಟೆಲ್ ಮಾಡಿದ್ರು. ಆ ಬಂಗಲೆಯ ಹೆಸರೇ ವುಡ್‌ಲ್ಯಾಂಡ್ಸ್. ಮಸಾಲೆದೋಸೆಗೆ ಇಂಗ್ಲಿಷ್ ಹೆಸರಿನ ಬೋರ್ಡು ಯಾಕೆ ಅಂತ ಸಣ್ಣವನಿದ್ದಾಗಿಂದ ನನಗೊಂದು ಕುತೂಹಲ ಇತ್ತು, ಉತ್ತರ ಇದೇ. ಊರು ಬಿಟ್ಟು ಹೋದವರು ಕಟ್ಟಿದ್ದು ಊಟದ ಹೋಟೆಲ್, ಪೇಟೆ ನಡುವೆ, ಜನ ಓಡಾಡುವ ಜಾಗದಲ್ಲಿ. ಕಡಲತೀರ ಅವರಿಗೆ ರಜೆಯ ಜಾಗ ಆಗಿರಲಿಲ್ಲ.

ಹಾಗಾದ್ರೆ ಕಡಲತೀರ ಯಾರ ಜಾಗ ಆಗಿತ್ತು? ಮೊಗವೀರರದ್ದು, ಬ್ಯಾರಿಗಳದ್ದು. ಉಳ್ಳಾಲದ ಮೊಗವೀರಪಟ್ನ ಅನ್ನುವ ಹೆಸರೇ ಹೇಳ್ತದಲ್ಲ. ರಂಪಣಿ ಬಲೆಯ ಬಗ್ಗೆ ಕೇಳಿದ್ದೀರಾ? ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧಚಂದ್ರದ ಹಾಗೆ ಬಲೆ ಸುತ್ತು ಹಾಕಿ, ಎರಡೂ ತುದಿ ದಡಕ್ಕೆ ತಂದು, ಇಡೀ ಊರು ಸೇರಿ ಎಳೆಯುವ ಬಲೆ. ಅದಕ್ಕೆ ಉದ್ದಕ್ಕೆ ಖಾಲಿ ಮರಳು ಬೇಕು. ಬಂಗುಡೆ, ಬೂತಾಯಿ ಬಂದು ಬಿದ್ರೆ ಒಣಗಿಸಲಿಕ್ಕೂ ಅದೇ ಮರಳು. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು ದೊಡ್ಡ ರಂಪಣಿಗಳು ಮೂಲೆಗೆ ಸರಿದವು. ಪ್ರವಾಸಿ ಬಂದು 'ಆಹಾ, ಖಾಲಿ ಬೀಚ್' ಅನ್ನುವ ಜಾಗ ಒಂದು ಕಾಲದಲ್ಲಿ ಊರಿನ ಕಾರ್ಖಾನೆಯ ಅಂಗಳ.

ಈ ಖಾಲಿ ಜಾಗ ಖಾಲಿಯಾಗಿಯೇ ಉಳೀಲಿ ಅಂತ 1981ರಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಭರತದ ಗೆರೆಯಿಂದ 500 ಮೀಟರ್ ಒಳಗೆ ಕಟ್ಟಡ ಬೇಡ ಅಂತ. ಅದರ ಬೆನ್ನಿಗೆ 1991ರ ಫೆಬ್ರವರಿಯಲ್ಲಿ ಸಿಆರ್‌ಝಡ್ ಅಧಿಸೂಚನೆ ಬಂತು. ಹಳ್ಳಿಗಾಡಿನ ಕಡಲತೀರದಲ್ಲಿ ಮೊದಲ 200 ಮೀಟರ್‌ನಲ್ಲಿ ಹೊಸ ಕಟ್ಟಡ ಏಳುವ ಹಾಗಿಲ್ಲ, 200ರಿಂದ 500 ಮೀಟರ್ ನಡುವೆ ಹೋಟೆಲ್ ಕಟ್ಟಲಿಕ್ಕೆ ಕೇಂದ್ರದ ಅನುಮತಿ ಬೇಕು, ಎತ್ತರ 9 ಮೀಟರ್, ಎರಡೇ ಅಂತಸ್ತು. ಅಂದ್ರೆ 1991ರ ನಂತರ ಬಂದವರಿಗೆ ನೀರಿನ ಅಂಚಿನ ಜಾಗ ಸಿಗೋದೇ ಇಲ್ಲ. 2019ರಲ್ಲಿ ನಿಯಮ ಸಡಿಲ ಆಯ್ತು, ಜನಸಾಂದ್ರತೆ ಹೆಚ್ಚಿರುವ ಗ್ರಾಮಗಳಲ್ಲಿ ಆ 200 ಮೀಟರ್ 50ಕ್ಕೆ ಇಳೀತು. ಪರಿಸರದವರು ಸಿಟ್ಟಾದ್ರು, ಹೋಟೆಲಿನವರು ಖುಷಿಯಾದ್ರು. ಮೀನುಗಾರರು ಎರಡೂ ಕಡೆ ಅನುಮಾನದಿಂದ ನೋಡಿದ್ರು, ಅದಕ್ಕೆ ಕಾರಣವೂ ಉಂಟು: ಮನೆ ರಿಪೇರಿಗೆ ಅವರೂ ಇದೇ ನಿಯಮಗಳ ಎದುರು ನಿಲ್ಲಬೇಕಾಗ್ತದೆ.

ಉಳ್ಳಾಲದಲ್ಲಿ ಮಾತ್ರ ಸರಕಾರಕ್ಕಿಂತ ಗಟ್ಟಿ ಯಜಮಾನ ಒಬ್ಬ ಇದ್ದಾನೆ. ಕಡಲು.

ಮರಳಿನ ಲೆಕ್ಕ ಹೀಗೆ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳ್ಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರೊಳಗೆ ದಿಬ್ಬ ಮಾಡ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ವಾಪಸ್ ತಂದು ಹಾಕ್ತವೆ. ಜೂನ್‌ನಲ್ಲಿ ಸಾಲ, ಡಿಸೆಂಬರ್‌ನಲ್ಲಿ ವಾಪಸಾತಿ. ಅದರ ಮೇಲೆ ನದಿಗಳು ಘಟ್ಟದಿಂದ ಹೊಸ ಮರಳು ತಂದು ಕೊಡ್ತವೆ. ಈಗ ಅಳಿವೆ ಬಾಗಿಲಲ್ಲಿ ದೋಣಿಗಳ ಸುರಕ್ಷತೆಗೆ ಕಲ್ಲಿನ ಬ್ರೇಕ್‌ವಾಟರ್ ಹಾಕಿದ್ರೆ ಮರಳು ಓಡಾಡುವ ದಾರಿ ಬದಲಾಗ್ತದೆ. ನದಿಯಲ್ಲಿ ಅಣೆಕಟ್ಟು, ಮರಳುಗಾರಿಕೆ ಆದ್ರೆ ಬರುವ ಮರಳೂ ಕಡಿಮೆ. ಸಾಲ ಹೋದದ್ದು ಪೂರ್ತಿ ವಾಪಸ್ ಬರೋದಿಲ್ಲ. ಮೊಗವೀರಪಟ್ನ, ಕೈಕೊ, ಸೋಮೇಶ್ವರ, ಉಚ್ಚಿಲ, ಈ ಹೆಸರುಗಳು ಪ್ರತಿ ಮಳೆಗಾಲ ನ್ಯೂಸ್‌ನಲ್ಲಿ ಬರೋದು ಅದಕ್ಕೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗಲಂತೂ ಮನೆಗಳಿಗೇ ನೀರು ನುಗ್ಗಿತು, ರಸ್ತೆ ಕೊಚ್ಚಿ ಹೋಯ್ತು.

ಮೊದಲು ಹಾಕಿದ ಮದ್ದು ಬಂಡೆಕಲ್ಲು. ಲಾರಿಗಟ್ಟಲೆ ಕಲ್ಲು ತಂದು ತಡೆಗೋಡೆ. ಅಲೆ ಆ ಕಲ್ಲಿಗೆ ಬಡಿದು ಎದುರಿನ ಮರಳನ್ನೇ ಇನ್ನಷ್ಟು ಕೆರೆದು ಹೋಗ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ತೋಟ ತಿನ್ನಲಿಕ್ಕೆ ಶುರು. 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಗೆ ಒಪ್ಪಿಗೆ ಸಿಕ್ಕಿತು, ಉಳ್ಳಾಲ ಅದರಲ್ಲಿ ಮುಖ್ಯ ಜಾಗ. ದಡದಿಂದ ಆಚೆ ಕಡಲೊಳಗೆ ಎರಡು ರೀಫ್, ದಡದ ಹತ್ತಿರ ಕಲ್ಲಿನ ಬರ್ಮ್‌ಗಳು, ಬ್ರೇಕ್‌ವಾಟರ್ ದುರಸ್ತಿ. ಅಲೆಯ ಜೋರನ್ನು ದಡಕ್ಕೆ ಮುಟ್ಟುವ ಮೊದಲೇ ಮುರಿಯುವ ಉಪಾಯ. ಕೆಲವು ಕಡೆ ಮರಳು ನಿಂತಿತು, ಕೆಲವು ಕಡೆ ಕೊರೆತ ದಕ್ಷಿಣಕ್ಕೆ ಜಾರಿತು ಅಂತ ಊರಿನವರು ಹೇಳ್ತಾರೆ.

ಬೀಚ್ ರೆಸಾರ್ಟ್ ಮಾರೋದು ಏನನ್ನು? ಕೋಣೆಯನ್ನಲ್ಲ, ಬೀಚನ್ನು. ಆ ಬೀಚೇ ಪ್ರತಿ ವರ್ಷ ಅಗಲ ಬದಲಾಯಿಸ್ತಾ ಇದ್ರೆ, ಬ್ಯಾಂಕಿನವನು ನೂರು ಕೋಟಿ ಸಾಲ ಯಾವ ಧೈರ್ಯದಲ್ಲಿ ಕೊಡ್ಬೇಕು?

ದೊಡ್ಡ ಹೋಟೆಲುಗಳು ಎಲ್ಲಿಗೆ ಹೋದವು ಗೊತ್ತಾ? ತಲಪಾಡಿ ಗೇಟ್ ದಾಟಿ. ಕೇರಳ ಸರಕಾರ 1995ರಲ್ಲಿ ಬೇಕಲಕ್ಕೆ ಅಂತಲೇ ಒಂದು ನಿಗಮ ಮಾಡಿ, ಜಾಗ ಒಟ್ಟು ಮಾಡಿ, ಹೋಟೆಲ್ ಕಂಪೆನಿಗಳಿಗೆ ಲೀಸ್‌ಗೆ ಕೊಟ್ಟಿತು. ತಾಜ್ ಬಂತು, ಲಲಿತ್ ಬಂತು. ಬೇಕಲ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ. ಕಾಸರಗೋಡು 1956ರವರೆಗೆ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆ. ಮಂಗಳೂರು ಏರ್‌ಪೋರ್ಟ್‌ನಲ್ಲಿ ಇಳಿದು, ಪೇಟೆಯನ್ನು ಬೈಪಾಸ್ ಮಾಡಿ, ಉಳ್ಳಾಲದ ಪಕ್ಕದಲ್ಲೇ ಹಾದು ಬೇಕಲಕ್ಕೆ ಹೋಗುವ ಟ್ಯಾಕ್ಸಿಗಳು ಎಷ್ಟೋ. ಸ್ವಲ್ಪ ಹೊಟ್ಟೆಕಿಚ್ಚು ಆಗ್ತದೆ, ಸುಳ್ಳು ಯಾಕೆ ಹೇಳ್ಲಿ.

ನಮ್ಮ ಕಡೆ ಬೇರೆ ದಾರಿ ಹಿಡಿದದ್ದೂ ಉಂಟು. 2020ರಲ್ಲಿ ಪಡುಬಿದ್ರಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿತು, ಹೊನ್ನಾವರದ ಕಾಸರಕೋಡಿಗೂ ಸಿಕ್ಕಿತು. ಅಲ್ಲಿ ಲಕ್ಷುರಿ ಅಂದ್ರೆ ಶುದ್ಧ ನೀರು, ಶುದ್ಧ ಟಾಯ್ಲೆಟ್, ಕಾವಲಿಗೆ ಲೈಫ್‌ಗಾರ್ಡ್. ಮೂಲ್ಕಿಯ ಕಡೆ ಸರ್ಫಿಂಗ್ ಕಲಿಸುವವರು ಇದ್ದಾರೆ.

ಉಳ್ಳಾಲಕ್ಕೆ ಹೋಗೋದಿದ್ರೆ ನವೆಂಬರ್ ನಂತರ ಹೋಗಿ. ಮಳೆಗಾಲ ಒಯ್ದ ಮರಳು ಅಷ್ಟು ಹೊತ್ತಿಗೆ ಸ್ವಲ್ಪ ವಾಪಸ್ ಬಂದಿರ್ತದೆ. ಸಾಯಂಕಾಲ ಸೋಮೇಶ್ವರ ದೇವಸ್ಥಾನದ ಪಕ್ಕದ ಬಂಡೆ ಹತ್ತಿ ಉತ್ತರಕ್ಕೆ ನೋಡಿದ್ರೆ ತೆಂಗಿನ ಸಾಲು, ಅದರ ಬುಡದಲ್ಲಿ ಕಪ್ಪು ಕಲ್ಲಿನ ಗೋಡೆ ಕಾಣ್ತದೆ. ಬಂಡೆಯಿಂದ ಕೆಳಗೆ ನೀರಿಗೆ ಇಳೀಬೇಡಿ, ಅಲ್ಲಿ ಸೆಳೆತ ಜೋರು, ಬೋರ್ಡ್ ಹಾಕಿದ್ದು ಸುಮ್ಮನೆ ಅಲ್ಲ. ಮುಂದಿನ ವಾರ ಸಿಗುವ.