ತವರಿಗೆ ಬರುವ ಹಕ್ಕಿಗಳು: ಹಲಗೂರು–ಮದ್ದೂರು ಸೀಮೆಯ ಪಕ್ಷಿ ಸಂರಕ್ಷಣೆಯ ಚರಿತ್ರೆ

ಶಿಂಷಾ ನದಿಯ ಆಸುಪಾಸಿನಲ್ಲಿ ಮದ್ದೂರಿನಿಂದ ಹಲಗೂರಿನ ಕಡೆಗೆ ಹಬ್ಬಿರುವ ಸೀಮೆಯಲ್ಲಿ ಬೆದ್ದಲು ಹೊಲ, ಕುರುಚಲು ಕಾಡು ಹಾಗೂ ಮಳೆಯನ್ನು ನೆಚ್ಚಿದ ಕೆರೆಗಳೇ ಹೆಚ್ಚು. ಇಂತಹ ನೆಲದಲ್ಲಿ ಮರವೆಂಬುದು ಆಸ್ತಿ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿಯು ಕಬ್ಬಿಣದ ಭಿಕ್ಷೆ ಬೇಡಿ ಹೋಗುವುದು ಹಲಗೂರಿನ ಪಾಂಚಾಳರ ಬಳಿಗೆ. ಕುಲುಮೆಗೆ ಇದ್ದಿಲು ಬೇಕು. ಇದ್ದಿಲಿಗೆ ಮರ ಬೇಕು. ಮರಕ್ಕೆ ಇಷ್ಟು ಬೆಲೆಯಿದ್ದ ಸೀಮೆಯಲ್ಲಿ ಒಂದು ಹಳ್ಳಿಯು ತನ್ನ ಮರಗಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟದ್ದು ಹೇಗೆ ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಆ ಹಳ್ಳಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಲ್ಲಿ ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ತೈಲೂರು, ಮದ್ದೂರು ಕೆರೆಗಳಲ್ಲಿಯೂ ಶಿಂಷೆಯಲ್ಲಿಯೂ ಮೀನು ಹಿಡಿಯುತ್ತವೆ. ಇದರ ಪ್ರಾಚೀನತೆಗೆ ಜೆರ್ಡನ್‌ನ 1864ರ ಉಲ್ಲೇಖವನ್ನು ಕೊಡುವ ರೂಢಿಯಿದೆ. ಆದರೆ ಆತ ಹೇಳಿದ್ದು ‘ಕರ್ನಾಟಿಕ್’ ಪ್ರದೇಶದ ಹೆಸರಿಲ್ಲದ ಒಂದು ಹಳ್ಳಿಯನ್ನು. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಈ ಹೆಸರು ಮುಖ್ಯವಾಗಿ ಮದರಾಸು ಕಡೆಯ ಬಯಲಿಗೆ ಸಲ್ಲುತ್ತಿದ್ದುದರಿಂದ ಅದನ್ನು ಬೆಳ್ಳೂರೆಂದು ಸ್ಥಾಪಿಸಲಾಗದು. ಊರಿನವರ ನೆನಪೇ ಇದಕ್ಕಿಂತ ಗಟ್ಟಿಯಾದ ಆಕರ: 20ನೆಯ ಶತಮಾನದ ಆರಂಭದಲ್ಲಿ ಪ್ಲೇಗಿಗೆ ಹೆದರಿ ಜನ ನದಿಯ ದಡದ ಹಳೆಯ ಊರನ್ನು ತೊರೆದಾಗ, ಹಕ್ಕಿಗಳೂ ಅವರ ಹಿಂದೆಯೇ ಹೊಸ ಊರಿಗೆ ಬಂದವು ಎಂಬುದು ಆ ನೆನಪು.

ಈ ಹಕ್ಕಿಗಳನ್ನು ಊರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಇದನ್ನು ಕೇವಲ ಭಾವುಕತೆಯೆಂದು ತಿಳಿಯುವುದು ಸರಿಯಲ್ಲ. ನಮ್ಮ ಜನಪದದಲ್ಲಿ ತವರೆಂದರೆ ಪ್ರೀತಿಯ ಜೊತೆಗೆ ಖರ್ಚನ್ನು ಹೊರುವ ಹೊಣೆಯೂ ಹೌದು. ಗೂಡುಗಳಿರುವ ಹುಣಸೆಯ ಫಸಲನ್ನು ಕೀಳುವಂತಿಲ್ಲ; ಹಿಕ್ಕೆ ಬಿದ್ದ ಕಾಯಿ ಕೆಡುತ್ತದೆ. ಈ ನಷ್ಟಕ್ಕೆ ಪ್ರತಿಯಾಗಿ, ಮರದಡಿ ಕೆರೆಗೋಡು ಹರಡಿ, ಹಿಕ್ಕೆ ಬೆರೆತ ಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುವ ಪದ್ಧತಿಯಿತ್ತು. ನಂಬಿಕೆಯೊಂದಿಗೆ ಹೊಲದ ಲೆಕ್ಕವೂ ಕೂಡಿದ ವ್ಯವಸ್ಥೆಯಿದು.

ಇದೇ ಮಂಡ್ಯ ಜಿಲ್ಲೆಯ ರಂಗನತಿಟ್ಟು, ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನದ ಆಜ್ಞೆಯಿಂದ ಪಕ್ಷಿಧಾಮವಾಯಿತು. ಬೆಳ್ಳೂರಿಗೆ ಅಂತಹ ಆಜ್ಞೆಯಿರಲಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರಿಂದ ಈ ತಾಣವು ವಿದ್ವತ್ ವಲಯಕ್ಕೆ ಪರಿಚಯವಾಯಿತು. ಬಳಿಕ ಅರಣ್ಯ ಇಲಾಖೆಯು ಮರಗಳ ಒಡೆಯರಿಗೆ ಪರಿಹಾರ ಕೊಡತೊಡಗಿತು. 1994ರಿಂದ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡವು ಇಲ್ಲಿ ಕೆಲಸ ಮಾಡಿತು; ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಿನವರದೇ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯು ಒಡೆಯರು ಸ್ವಇಚ್ಛೆಯಿಂದ ಒಪ್ಪಿದ ಭೂಮಿಗೆ ಮಾತ್ರ ಈ ಸ್ಥಾನವನ್ನು ಕೊಡುತ್ತದೆ. ಊರು ಅದುವರೆಗೆ ನಡೆಸಿಕೊಂಡು ಬಂದ ಸಂಪ್ರದಾಯಕ್ಕೆ ಕಾನೂನು ತಡವಾಗಿ ಹೆಸರಿಟ್ಟಿತೆನ್ನಬಹುದು.

ಆದರೆ ತವರಿನ ಶಕ್ತಿಗೂ ಮಿತಿಯಿದೆ. 2017ರ ಕೊನೆಯಿಂದ 2018ರ ಆರಂಭದವರೆಗೆ ಇಲ್ಲಿ ಹಲವಾರು ಹೆಜ್ಜಾರ್ಲೆಗಳು ಸತ್ತವು. ಮೀನಿನ ಮೂಲಕ ಹರಡುವ ಜಂತುಹುಳುಗಳ ಬಾಧೆ ಅವುಗಳಲ್ಲಿ ಕಂಡುಬಂದಿತು. ಊರಿನವರು ತಮ್ಮ ಮರವನ್ನು ಕಾಯಬಲ್ಲರು. ಹತ್ತಾರು ಮೈಲಿ ದೂರದ ಕೆರೆಯ ನೀರನ್ನು ಅವರೊಬ್ಬರೇ ಕಾಯಲಾರರು.

ತಾಯಿಯಿಲ್ಲದ ತವರು ತವರಾಗಿ ಉಳಿಯುವುದೇ ಎಂಬುದು ನಮ್ಮ ಹೆಣ್ಣುಮಕ್ಕಳ ಹಾಡುಗಳ ಹಳೆಯ ಅಳುಕು. ಬೆಳ್ಳೂರಿನ ಮುಂದಿನ ತಲೆಮಾರಿನ ಎದುರಿಗಿರುವುದೂ ಅದೇ ಪ್ರಶ್ನೆ. ಹಣದ ಪರಿಹಾರವು ಹುಣಸೆಯ ನಷ್ಟವನ್ನು ತುಂಬಬಲ್ಲದು, ಸಂಬಂಧವನ್ನು ತುಂಬಲಾರದು. ನಷ್ಟವನ್ನು ಊರಿನ ಮೇಲೆಯೇ ಹೊರಿಸಿದರೆ ಸಂಬಂಧವೂ ಬಹುಕಾಲ ಬಾಳದು. ಕೆರೆಯ ಹೊಣೆ ಸರ್ಕಾರಕ್ಕೂ ಮರದ ಹೊಣೆ ಊರಿಗೂ ಹಂಚಿಕೆಯಾದಾಗಲೇ ಈ ಚರಿತ್ರೆ ಮುಂದುವರಿಯುವುದು ಸಾಧ್ಯ.