ಆಟಕ್ಕೂ ಪಾಠಕ್ಕೂ ಒಂದೇ ಯಂತ್ರ

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದ ವಿಜ್ಞಾನಿ ಆಲನ್ ಕೇ 1972ರಲ್ಲಿ ಒಂದು ಪ್ರಬಂಧ ಬರೆದರು. ಎಲ್ಲ ವಯಸ್ಸಿನ ಮಕ್ಕಳಿಗೊಂದು ಸ್ವಂತ ಕಂಪ್ಯೂಟರ್ ಎಂಬುದು ಅದರ ವಿಷಯ. ಕಂಪ್ಯೂಟರ್ ಎಂದರೆ ಅಲಮಾರಿನ ಗಾತ್ರದ ಯಂತ್ರ ಎಂದು ಜನ ತಿಳಿದಿದ್ದ ಕಾಲ ಅದು. ಕೇ ಕಲ್ಪಿಸಿದ ಯಂತ್ರವೋ ನೋಟ್‌ಪುಸ್ತಕದಷ್ಟಿತ್ತು. ತೂಕ ನಾಲ್ಕು ಪೌಂಡಿನೊಳಗೆ, ಅಂದರೆ ಸುಮಾರು 1.8 ಕಿಲೋ, ಬೆಲೆ 500 ಡಾಲರ್ ಇರಬೇಕೆಂದು ಅವರ ಲೆಕ್ಕ. ಅದಕ್ಕೆ ‘ಡೈನಾಬುಕ್’ ಎಂದು ಹೆಸರಿಟ್ಟರು.

ಲ್ಯಾಪ್‌ಟಾಪಿನ ಚರಿತ್ರೆ ಹೇಳುವವರು ಈ ತೂಕ, ಬೆಲೆಗಳನ್ನು ತಪ್ಪದೆ ನೆನೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಪ್ರಬಂಧದಲ್ಲಿ ಬರುವ ಒಂದು ಪುಟ್ಟ ಕತೆ. ಒಂಬತ್ತು ವರ್ಷದ ಜಿಮ್ಮಿ ಮತ್ತು ಬೆತ್ ಹುಲ್ಲಿನ ಮೇಲೆ ಮಲಗಿ ತಮ್ಮ ಡೈನಾಬುಕ್‌ಗಳಲ್ಲಿ ‘ಸ್ಪೇಸ್‌ವಾರ್’ ಆಡುತ್ತಿದ್ದಾರೆ. ಗೆದ್ದವಳು ಬೆತ್. ಆಟ ತೀರಾ ಸುಲಭವಾಯಿತು ಎಂದು ಅವಳಿಗೆ ಬೇಸರ. ನಿಜವಾದ ಬಾಹ್ಯಾಕಾಶದಲ್ಲಿ ಸೂರ್ಯನಿರುತ್ತಾನಲ್ಲ, ಆಗ ಗೆಲ್ಲು ನೋಡೋಣ ಎಂಬ ಮಾತು ಬರುತ್ತದೆ. ಆಟದೊಳಗೆ ಸೂರ್ಯನನ್ನು ತರುವುದು ಹೇಗೆ? ಮಕ್ಕಳು ಮೇಷ್ಟರ ಬಳಿ ಓಡುತ್ತಾರೆ. ಗುರುತ್ವಾಕರ್ಷಣೆಯ ಪಾಠ ಅಲ್ಲಿಂದ ಶುರುವಾಗುತ್ತದೆ.

ಅಂದರೆ ಮಡಿಲಲ್ಲಿ ಇಟ್ಟುಕೊಳ್ಳುವ ಕಂಪ್ಯೂಟರಿನ ಮೊದಲ ಕನಸಿನಲ್ಲೇ ಆಟ ಇತ್ತು, ಅದೂ ಪಾಠದ ಬಾಗಿಲಾಗಿ. ಇದಕ್ಕೆ ಆಗಲೇ ಒಂದು ಸಾಕ್ಷಿಯೂ ಇತ್ತು. 1971ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಶಿಕ್ಷಕ ತರಬೇತಿಯಲ್ಲಿದ್ದ ಡಾನ್ ರಾವಿಷ್, ಎಂಟನೇ ತರಗತಿಗೆ ಚರಿತ್ರೆ ಹೇಳಿಕೊಡಲು ಇಬ್ಬರು ಗೆಳೆಯರ ಜೊತೆ ಸೇರಿ ‘ಆರಿಗನ್ ಟ್ರೇಲ್’ ಎಂಬ ಆಟ ಮಾಡಿದರು. ಅದಕ್ಕೆ ಪರದೆಯೇ ಇರಲಿಲ್ಲ. ಕಾಗದದ ಮೇಲೆ ಟೈಪಾಗಿ ಬರುವ ಸಾಲುಗಳನ್ನು ಓದುತ್ತ, ಮಕ್ಕಳು ಪಶ್ಚಿಮಕ್ಕೆ ಗಾಡಿ ಹೂಡಿದ ವಲಸಿಗರಾಗಿ ದವಸ, ಬಟ್ಟೆ, ಎತ್ತುಗಳ ಖರ್ಚು ಲೆಕ್ಕ ಹಾಕುತ್ತಿದ್ದರು.

ಮಾರುಕಟ್ಟೆ ಬೇರೆ ದಾರಿ ಹಿಡಿಯಿತು. 1981ರಲ್ಲಿ ಬಂದ ಆಸ್ಬಾರ್ನ್ 1 ಹೊತ್ತೊಯ್ಯಬಹುದಾದ ಕಂಪ್ಯೂಟರ್ ಎಂದೇ ಹೆಸರಾಯಿತು. ತೂಕ ಹನ್ನೊಂದು ಕಿಲೋ, ಪರದೆ ಐದು ಇಂಚು, ಬೆಲೆ 1,795 ಡಾಲರ್! ಮರುವರ್ಷ ಮಡಚುವ ಪರದೆಯ ಗ್ರಿಡ್ ಕಂಪಾಸ್ ಬಂತು. ಬೆಲೆ ಎಂಟು ಸಾವಿರ ಡಾಲರ್ ದಾಟಿತ್ತು. ಇವು ವ್ಯಾಪಾರಿಗಳಿಗೆ, ಅಧಿಕಾರಿಗಳಿಗೆ ಮಾಡಿದವು. ಮಕ್ಕಳ ಕೈಗೆ ಬಂದದ್ದು 1989ರ ನಿಂಟೆಂಡೋ ಗೇಮ್ ಬಾಯ್. ಅಪ್ಪನ ಚೀಲದಲ್ಲಿ ಕೆಲಸದ ಯಂತ್ರ, ಮಗನ ಜೇಬಿನಲ್ಲಿ ಆಟದ ಯಂತ್ರ. ಎರಡನೆಯದರ ಹೆಸರಿನಲ್ಲೇ ಹುಡುಗನಿದ್ದ. ಬೆತ್ ಎಲ್ಲಿಗೆ ಹೋದಳೋ!

ನಮ್ಮ ಬೆಂಗಳೂರಿನಲ್ಲೂ ಇದಕ್ಕೆ ಹತ್ತಿರದ ಒಂದು ಕನಸು ಮೊಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ 2001ರ ಹೊತ್ತಿಗೆ ಸಿಂಪ್ಯೂಟರ್ ರೂಪಿಸಿದರು. ಅಂಗೈಯಲ್ಲಿ ಹಿಡಿಯುವ, ಭಾರತೀಯ ಭಾಷೆಗಳಿಗೆ ಒಗ್ಗುವ ಯಂತ್ರ. ಒಂದೊಂದು ಮನೆಗೆ ಒಂದೊಂದು ಕೊಳ್ಳಲಾಗದ ಹಳ್ಳಿಯಲ್ಲಿ, ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಹಲವರು ಒಂದನ್ನೇ ಬಳಸಲಿ ಎಂಬುದು ಅವರ ಎಣಿಕೆ. ಮಾರಾಟ ಕುದುರಲಿಲ್ಲ. ಆದರೂ ಬಡವರ ಕೈಗೆ ಎಂಥ ಕಂಪ್ಯೂಟರ್ ಹೊಂದುತ್ತದೆ ಎಂದು ಇಲ್ಲಿನವರೇ ಕೂತು ಯೋಚಿಸಿದರಲ್ಲ, ಅದು ಸಣ್ಣ ಸಂಗತಿಯಲ್ಲ.

ಮಕ್ಕಳ ಲ್ಯಾಪ್‌ಟಾಪ್ ನಿಜಕ್ಕೂ ತಯಾರಾದದ್ದು 2007ರಲ್ಲಿ. ನಿಕೊಲಸ್ ನೆಗ್ರೊಪಾಂಟೆ ನೂರು ಡಾಲರಿಗೆ ಕೊಡುತ್ತೇನೆಂದು ಹೊರಟ ಎಕ್ಸ್‌ಓ, ಕೊನೆಗೆ ಇನ್ನೂರರ ಹತ್ತಿರ ನಿಂತಿತು. ಭಾರತ ಸರ್ಕಾರ ಅದಕ್ಕೂ ಮೊದಲೇ ಒಲ್ಲೆ ಎಂದಿತ್ತು. ಆ ಯಂತ್ರದಲ್ಲಿ ನನಗೆ ಇಷ್ಟವಾದ ಎರಡು ವಿವರಗಳಿವೆ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ತನ್ನ ಹಳೆಯ ‘ಸಿಮ್‌ಸಿಟಿ’ ಆಟವನ್ನು ಅದಕ್ಕೆ ಉಚಿತವಾಗಿ ಕೊಟ್ಟಿತು. ಇನ್ನೊಂದು, ಕಾರ್ಯಕ್ರಮದ ಒಳಗಿನ ಬರಹವನ್ನು ತೆರೆದು ತೋರಿಸಲೆಂದೇ ಅದರ ಕೀಲಿಮಣೆಯಲ್ಲೊಂದು ಗುಂಡಿ ಇತ್ತು. ಆಡು, ಆಮೇಲೆ ಬಿಚ್ಚಿ ನೋಡು! ಅದೇ ವರ್ಷ ಏಸೂಸ್ ಕಂಪನಿಯ ಏಳು ಇಂಚಿನ ಈಪಿಸಿ ಒಂದು ಕಿಲೋದೊಳಗೆ ಬಂದು, ಸಣ್ಣ ಲ್ಯಾಪ್‌ಟಾಪು ಸಾಮಾನ್ಯರ ಕೈಗೂ ಎಟುಕುತ್ತದೆ ಎಂದು ತೋರಿಸಿತು.

ಈ ಚರಿತ್ರೆಯನ್ನೆಲ್ಲ ನಾನು ಕೆದಕಿದ್ದಕ್ಕೆ ಕಾರಣ ನನ್ನ ಅಕ್ಕನ ಮಗಳು. ಈ ವರ್ಷ ಎಂಜಿನಿಯರಿಂಗ್ ಸೇರಿ ಹಾಸ್ಟೆಲ್ಲಿಗೆ ಹೊರಟಿದ್ದಾಳೆ. ‘ಮಾಮ, ಓದಕ್ಕೂ ಆಗ್ಬೇಕು, ಗೇಮ್ ಆಡಕ್ಕೂ ಆಗ್ಬೇಕು, ಬಸ್ಸಲ್ಲಿ ಹೊತ್ಕೊಂಡು ಹೋಗೋ ಹಾಗಿರ್ಬೇಕು’ ಎಂದಳು. ಭಾವನಿಗೆ ಎರಡನೆಯ ಮಾತು ಹಿಡಿಸಲಿಲ್ಲ. ‘ಹೆಣ್ಣುಮಗಳಿಗೆ ಗೇಮಿಂಗ್ ಯಾಕೋ? ಆಟವೇ ಬರದಂಥದ್ದು ಯಾವುದಿದೆ ನೋಡು’ ಎಂದರು. ಅವರ ಅಂಜಿಕೆ ಸುಳ್ಳಲ್ಲ. ಕೈಯಲ್ಲಿರುವುದು ಸಾಲದ ಹಣ, ಕೊಳ್ಳುವುದು ಒಂದೇ ಯಂತ್ರ, ಅದು ನಾಲ್ಕು ವರ್ಷ ಬಾಳಬೇಕು.

ಅಂಗಡಿಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಎತ್ತಿ ನೋಡಿದೆವು. ಎರಡೂವರೆ ಕಿಲೋ, ಅದರ ಚಾರ್ಜರೇ ಇಟ್ಟಿಗೆಯ ಹಾಗೆ. ಇದರ ಹಿಂದಿರುವುದು ಸರಳ ಭೌತವಿಜ್ಞಾನ. ಯಂತ್ರ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಯಂತ್ರ ಆಟದ ಹೊತ್ತಿನಲ್ಲಿ ನೂರು ವ್ಯಾಟಿಗೂ ಮಿಗಿಲಾಗಿ ಎಳೆಯಬಹುದು. ಆ ಬಿಸಿ ಹೊರಹೋಗಲು ದೊಡ್ಡ ಫ್ಯಾನು, ಲೋಹದ ಕೊಳವೆ, ಜಾಗ ಬೇಕು. ತೆಳ್ಳಗಿನ ದೇಹದಲ್ಲಿ ಆ ಜಾಗವಿಲ್ಲ. ಬಿಸಿಯೇರಿದಾಗ ಚಿಪ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ತೂಕ, ಬೆಲೆ, ಬಲ ಈ ಮೂರೂ ಒಟ್ಟಿಗೆ ದಕ್ಕುವುದು ಕಷ್ಟ.

ನಾವು ಬಿಟ್ಟುಕೊಟ್ಟದ್ದು ಬಲವನ್ನು. ಹದಿನಾಲ್ಕು ಇಂಚು, 1.4 ಕಿಲೋ, 16 ಜಿಬಿ ಮೆಮೊರಿ. ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಸೇರಿರುವಂಥದ್ದು. ಮೆಮೊರಿಯ ವಿಷಯದಲ್ಲಿ ನಾನು ಹಟ ಹಿಡಿದೆ. ಇಂಥ ತೆಳು ಯಂತ್ರಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುವುದು ಹೆಚ್ಚು, ಆಮೇಲೆ ಸೇರಿಸಲಾಗದು; ಒಳಗಿನ ಗ್ರಾಫಿಕ್ಸೂ ಅದರಲ್ಲೇ ಪಾಲು ಕೇಳುತ್ತದೆ. ಹೊಸ ಭಾರೀ ಆಟಗಳು ಇದರಲ್ಲಿ ತಿಣುಕುತ್ತವೆ. ಹಳೆಯವು, ಸಣ್ಣವು ಆರಾಮಾಗಿ ಓಡುತ್ತವೆ. ಬ್ರೌಸರಿನಾಚೆ ಹೆಚ್ಚೇನೂ ಬಿಡದ ಅಗ್ಗದ ಯಂತ್ರವೊಂದನ್ನು ಭಾವ ತೋರಿಸಿದರು. ಅದನ್ನು ಮಾತ್ರ ನಾನು ಬೇಡವೆಂದೆ. ತನಗೆ ಬೇಕಾದ್ದನ್ನು ಹಾಕಿಕೊಳ್ಳಲು, ತಾನೇ ಒಂದು ಆಟ ಬರೆದು ಓಡಿಸಲು ಬಿಡದ ಯಂತ್ರ ಕಲಿಯುವವರಿಗೆ ಅರ್ಧ ಯಂತ್ರವೇ ಸರಿ.

ಆಲನ್ ಕೇ ಬಯಸಿದ ತೂಕ ಇವತ್ತು ಯಾವ ಅಂಗಡಿಯಲ್ಲೂ ಸಿಗುತ್ತದೆ. ಡಬ್ಬಿಯ ಮೇಲೆ ಬರೆಯದೆ ಉಳಿದಿರುವುದು ಅವರ ಕತೆಯ ಪ್ರಶ್ನೆ: ಆಟ ಸಾಕೆನಿಸಿದಾಗ ಅದರೊಳಗೊಬ್ಬ ಸೂರ್ಯನನ್ನು ತಂದಿಡಲು ಈ ಯಂತ್ರ ಬಿಡುತ್ತದೆಯೇ? ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಲು ಹೊರಟವರು ಬೆಲೆ ಕೇಳುವ ಮುಂಚೆ ಇದನ್ನು ಕೇಳಿದರೆ ಒಳ್ಳೆಯದು.