ಕ್ರೈಸ್ತ ಸ್ವಾತಂತ್ರ್ಯ ಮತ್ತು ಪ್ರೀತಿಯ ಸೇವೆ: ಘಟಪ್ರಭೆಯ ತೀರದ ಒಂದು ನಿದರ್ಶನ

ಪ್ರೇಷಿತ ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರವನ್ನು ಕ್ರೈಸ್ತ ಸ್ವಾತಂತ್ರ್ಯದ ಪತ್ರ ಎಂದು ಕರೆಯುವುದುಂಟು. ಗಲಾತ್ಯ ಎಂಬುದು ಇಂದಿನ ಟರ್ಕಿ ದೇಶದ ಮಧ್ಯಭಾಗದಲ್ಲಿದ್ದ ಪ್ರಾಂತ್ಯ. ಪೌಲರು ಸ್ಥಾಪಿಸಿದ ಅಲ್ಲಿನ ಕ್ರೈಸ್ತ ಸಮುದಾಯಗಳಿಗೆ ಆಮೇಲೆ ಬಂದ ಕೆಲವು ಬೋಧಕರು, ಯೇಸುಕ್ರಿಸ್ತರಲ್ಲಿ ವಿಶ್ವಾಸವಿಟ್ಟರೆ ಸಾಲದು, ಸುನ್ನತಿ ಮಾಡಿಸಿಕೊಂಡು ಯೆಹೂದ್ಯ ಧರ್ಮಶಾಸ್ತ್ರದ ವಿಧಿಗಳನ್ನೂ ಪಾಲಿಸಬೇಕು ಎಂದು ಬೋಧಿಸತೊಡಗಿದರು. ಇದನ್ನು ಕೇಳಿ ಪೌಲರಿಗೆ ಬಂದ ಸಿಟ್ಟು ಪತ್ರದ ಪ್ರತಿ ಪುಟದಲ್ಲೂ ಕಾಣುತ್ತದೆ. ಅವರ ಬೇರೆ ಪತ್ರಗಳ ಆರಂಭದಲ್ಲಿ ಓದುಗರಿಗಾಗಿ ದೇವರಿಗೆ ಸಲ್ಲಿಸುವ ಕೃತಜ್ಞತೆಯ ಮಾತು ಇರುತ್ತದೆ. ಇಲ್ಲಿ ಅದೂ ಇಲ್ಲ, ನೇರವಾಗಿ ಗದರಿಕೆಗೇ ಬರುತ್ತಾರೆ.

ಐದನೆಯ ಅಧ್ಯಾಯದ ಆರಂಭದಲ್ಲಿ ಪೌಲರು, ಕ್ರಿಸ್ತರು ನಮ್ಮನ್ನು ಬಿಡುಗಡೆ ಮಾಡಿದ್ದಾರೆ, ಮತ್ತೆ ನೊಗಕ್ಕೆ ಕೊರಳೊಡ್ಡಬೇಡಿ ಎಂಬ ಅರ್ಥದ ಮಾತು ಹೇಳುತ್ತಾರೆ. ಅದೇ ಅಧ್ಯಾಯದ 13ನೇ ವಚನಕ್ಕೆ ಬರುವಾಗ ಮಾತು ತಿರುಗುತ್ತದೆ. ಸಿಕ್ಕಿದ ಸ್ವಾತಂತ್ರ್ಯವನ್ನು ಸ್ವಂತ ಭೋಗಕ್ಕೆ ನೆಪ ಮಾಡಿಕೊಳ್ಳದೆ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಬೇಕು ಎನ್ನುತ್ತಾರೆ. ನಾವು 'ಸೇವೆ' ಎಂದು ಓದುವ ಕಡೆ ಗ್ರೀಕ್ ಮೂಲದಲ್ಲಿರುವುದು ಇನ್ನೂ ಗಡುಸಾದ ಪದ. 'ದೂಲೋಸ್' ಎಂದರೆ ಗುಲಾಮ, ದಾಸ. ಆ ಪದದಿಂದಲೇ ಬಂದ ಕ್ರಿಯಾಪದವನ್ನು ಪೌಲರು ಬಳಸಿದ್ದಾರೆ. ನೀವು ಇನ್ನು ಯಾರಿಗೂ ದಾಸರಲ್ಲ, ಆದುದರಿಂದ ಪ್ರೀತಿಯಿಂದ ಪರಸ್ಪರ ದಾಸರಾಗಿರಿ ಎಂಬಂತಿದೆ ಮಾತು. ಕೇಳಿದವರಿಗೆ ಇದು ಒಗಟಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಒಗಟನ್ನು ಪುಸ್ತಕಕ್ಕಿಂತ ಚೆನ್ನಾಗಿ ಬಿಡಿಸಿ ತೋರಿಸಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಅವರು ಕ್ರೈಸ್ತರಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರು ಅವರು.

ದಾಸಿ ಎಂಬ ಒಂದೇ ಪದ

ಕರಾವಳಿಯ ನಮ್ಮ ಮನೆಗಳಲ್ಲಿ ಸಂಜೆಯ ಗಂಟೆ ಹೊಡೆದಾಗ ತ್ರಿಕಾಲ ಪ್ರಾರ್ಥನೆ ಹೇಳುವ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಆ ಪ್ರಾರ್ಥನೆಯಲ್ಲಿ ಮಾತೆ ಮರಿಯಮ್ಮನವರು ತಮ್ಮನ್ನು ಪ್ರಭುವಿನ ದಾಸಿ ಎಂದು ಕರೆದುಕೊಳ್ಳುತ್ತಾರೆ (ಲೂಕ 1:38). ಕನ್ನಡದಲ್ಲಿ 'ಪ್ರಭುವಿನ ದಾಸಿ' ಎಂಬುದಕ್ಕೂ 'ದೇವದಾಸಿ' ಎಂಬುದಕ್ಕೂ ಪದಗಳ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಬದುಕಿನ ಲೆಕ್ಕದಲ್ಲಿ ಇರುವ ಅಂತರವಾದರೋ ಆಕಾಶ ಭೂಮಿಯಷ್ಟು.

ನಜರೇತಿನ ಆ ಯುವತಿಯನ್ನು ದೇವರು ಕೇಳಿದರು. ದೂತನು ವಿಷಯ ತಿಳಿಸಿದ, ಆಕೆ ಸಂಶಯ ಕೇಳಿದಳು, ಉತ್ತರ ಸಿಕ್ಕಿತು, ಆಮೇಲೆ ಒಪ್ಪಿದಳು. ಆಕೆಯ ಒಪ್ಪಿಗೆಯಿಲ್ಲದೆ ಏನೂ ನಡೆಯಲಿಲ್ಲ. ದೇವರು ಮರಿಯಮ್ಮನವರ ಸ್ವತಂತ್ರ ಸಹಕಾರವನ್ನು ಬಯಸಿದರೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (ಸಂಖ್ಯೆ 488) ಹೇಳುತ್ತದೆ. ಮುತ್ತು ಕಟ್ಟಿಸಿಕೊಂಡ ಹುಡುಗಿಯನ್ನು ಯಾರೂ ಕೇಳಲಿಲ್ಲ. ಅನೇಕರಿಗೆ ಕೇಳಿದರೂ ಅರ್ಥವಾಗದ ವಯಸ್ಸು.

ಆ ಸೀಮೆ, ಆ ಪದ್ಧತಿ

ಕರಾವಳಿಯ ಓದುಗರಿಗೆ ಈ ಊರುಗಳು ದೂರ ಎನಿಸಬಹುದು. ಆದರೆ ಧರ್ಮಸಭೆಯ ಇತಿಹಾಸದಲ್ಲಿ ಅಷ್ಟು ದೂರವಲ್ಲ. 1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದ ಮೇಲೆ, 1976ರಲ್ಲಿ ಕಾರವಾರ ಧರ್ಮಕ್ಷೇತ್ರ ಬೇರೆಯಾಗುವವರೆಗೆ, ಉತ್ತರ ಕನ್ನಡದ ಕಡಲತೀರದ ಚರ್ಚುಗಳೂ ಬೆಳಗಾವಿಯ ಧರ್ಮಾಧ್ಯಕ್ಷರ ಆಡಳಿತದಲ್ಲೇ ಇದ್ದವು. ಘಟಪ್ರಭಾ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಅಲ್ಲಿಂದ ಮುಂದೆ ಹರಿದು ಅದು ಗೋಕಾಕದ ಬಳಿ ಸುಮಾರು 52 ಮೀಟರ್ ಎತ್ತರದಿಂದ ಜಲಪಾತವಾಗಿ ಬೀಳುತ್ತದೆ. ಗೋಕಾಕ ಎಂದರೆ ನಮಗೆ ನೆನಪಾಗುವುದು ಈ ಜಲಪಾತ ಮತ್ತು ಕರದಂಟು. ಮೂಡಲಗಿ ಮೊದಲು ಗೋಕಾಕ ತಾಲ್ಲೂಕಿನಲ್ಲೇ ಇತ್ತು, 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಕಬ್ಬು, ಗೋವಿನಜೋಳ ಬೆಳೆಯುವ ನೆಲ. ಆದರೆ ಹೊಲವಿಲ್ಲದ ದಲಿತ ಕೇರಿಗಳಿಗೆ ಆ ನೀರಿನ ಹಸಿರು ತಲುಪಿದ್ದು ಕಡಿಮೆ.

ಇದೇ ಜಿಲ್ಲೆಯ ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡವಿದೆ. ಹುಣ್ಣಿಮೆಯ ಜಾತ್ರೆಗಳಿಗೆ ಲಕ್ಷಾಂತರ ಭಕ್ತರು ಹೋಗುತ್ತಾರೆ. ಅವರ ಭಕ್ತಿಯ ಬಗ್ಗೆ ಇಲ್ಲಿ ಯಾವ ಆಕ್ಷೇಪವೂ ಇಲ್ಲ. ಆ ಭಕ್ತಿಯ ಮರೆಯಲ್ಲಿ ಬಡ ಹೆಣ್ಣುಮಕ್ಕಳ ಮೇಲೆ ನಡೆದ ಅನ್ಯಾಯವೇ ಇಲ್ಲಿನ ವಿಷಯ. ಗಂಡು ಸಂತಾನ ಇಲ್ಲದಿದ್ದರೆ, ಮನೆಯಲ್ಲಿ ವಾಸಿಯಾಗದ ಕಾಯಿಲೆ ಇದ್ದರೆ, ಹುಡುಗಿಯ ತಲೆಗೂದಲು ಗಂಟುಕಟ್ಟಿ ಜಟೆಯಾದರೆ ದೇವಿ ಕರೆಯುತ್ತಿದ್ದಾಳೆ ಎಂದು ತಿಳಿದು, ಮೈನೆರೆಯುವ ಮೊದಲೇ ಅವಳ ಕೊರಳಿಗೆ ಕೆಂಪು ಬಿಳಿ ಮಣಿಗಳ ಮುತ್ತು ಕಟ್ಟುತ್ತಿದ್ದರು. ಇದಕ್ಕೆ 'ದೇವರಿಗೆ ಬಿಡುವುದು' ಎಂಬ ಮಾತಿದೆ. ಬಿಡುಗಡೆ ಎಂಬ ಪದವೂ ಅದೇ ಧಾತುವಿನಿಂದ ಬಂದದ್ದು ಎಂಬುದು ಕಹಿಯಾದ ವಿಷಯ. ಹಾಗೆ ಬಿಟ್ಟವಳಿಗೆ ಮದುವೆ ಇಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಊರಿನ ಉಳ್ಳವರಿಗೆ ಅವಳು ಸುಲಭವಾಗಿ ಸಿಗುವವಳಾದಳು, ಕೆಲವರು ಮುಂಬಯಿ, ಪುಣೆಯ ವೇಶ್ಯಾವಾಟಿಕೆಗಳಿಗೆ ಸೇರಿದರು.

ಕಾಯಿದೆಗಳು ಇರಲಿಲ್ಲ ಎಂದಲ್ಲ. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ಒಂದು ಕಾಯಿದೆ ಬಂದಿತ್ತು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಬಂತು. ಅದರ ಪ್ರಕಾರ ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ, ತಂದೆತಾಯಿ ಅಥವಾ ಪೋಷಕರೇ ಅಪರಾಧಿಗಳಾದರೆ 5 ವರ್ಷದವರೆಗೆ ಸೆರೆವಾಸ ವಿಧಿಸಬಹುದಿತ್ತು. ಆದರೂ 1993-94ರ ಸರಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಲಾಯಿತು. 2007-08ರ ಸಮೀಕ್ಷೆಯ ನಂತರ ಒಟ್ಟು ಸಂಖ್ಯೆ 46,660 ಆಯಿತು. ಕಾಯಿದೆ ಬಂದ ಮೇಲೆ ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುತ್ತಿದ್ದುದು ಮನೆಯೊಳಗೆ, ಸಣ್ಣ ಗುಡಿಗಳಲ್ಲಿ ಗುಟ್ಟಾಗಿ ನಡೆಯಿತು. ಹೊರಗಿನ ನೊಗ ತೆಗೆದರೂ ಒಳಗಿನ ಭಯ ಹೋಗದಿದ್ದರೆ ಜನ ತಾವಾಗಿಯೇ ನೊಗದ ಬಳಿ ಮರಳುತ್ತಾರೆ ಎಂದು ಪೌಲರು ಗಲಾತ್ಯರ ಬಗ್ಗೆ ಹೆದರಿದ್ದೂ ಇದಕ್ಕೇ.

ಘಟಪ್ರಭಾದ ಸಂಸ್ಥೆ

ಬೆಳಗಾವಿ ಜಿಲ್ಲೆಯಲ್ಲಿ ಎರಡು ಪ್ರಯತ್ನಗಳು ಮುಖ್ಯವಾದವು. ಒಂದು ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು 1985ರಲ್ಲಿ ಆರಂಭಿಸಿದ ವಿಮೋಚನಾ ಸಂಘ. ದೇವದಾಸಿಯರ ಮಕ್ಕಳಿಗಾಗಿ ಮಲಾಬಾದದಲ್ಲಿ ವಸತಿ ಶಾಲೆಯನ್ನು ಅದು ನಡೆಸಿತು. ತಾಯಂದಿರ ಮಕ್ಕಳು ಓದಿದರೆ ಪದ್ಧತಿ ತಾನಾಗಿಯೇ ನಿಲ್ಲುತ್ತದೆ ಎಂಬುದು ಅದರ ದಾರಿ. ಬೈಬಲಿನ ಎರಡನೆಯ ಗ್ರಂಥಕ್ಕೂ ಕನ್ನಡದಲ್ಲಿ ವಿಮೋಚನಾಕಾಂಡ ಎಂಬ ಹೆಸರೇ ಇರುವುದು ನಮ್ಮ ಓದುಗರಿಗೆ ನೆನಪಾದೀತು.

ಇನ್ನೊಂದು ಗೋಕಾಕ ತಾಲ್ಲೂಕಿನ ಘಟಪ್ರಭಾದ್ದು. 1990ರ ದಶಕದ ಆರಂಭದಲ್ಲಿ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಕಾರ್ಯಕ್ರಮವನ್ನು ಮೈರಾಡ ಸಂಸ್ಥೆ ಇಲ್ಲಿ ಕೈಗೊಂಡಿತು. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಹುಟ್ಟಿದ ಸಂಸ್ಥೆ ಅದು. ಹಳ್ಳಿಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳಾದವು, ಉಳಿತಾಯ ಬೆಳೆಯಿತು, ಕುರಿ ಎಮ್ಮೆ ಸಾಕಣೆಗೆ ಸಾಲ ಸಿಕ್ಕಿತು. ಇಷ್ಟಕ್ಕೇ ನಿಂತಿದ್ದರೆ ಇದೂ ಒಂದು ಒಳ್ಳೆಯ ಯೋಜನೆ ಎಂದು ಹೇಳಿ ಮುಗಿಸಬಹುದಿತ್ತು.

ವಿಶೇಷ ನಡೆದದ್ದು 1997ರಲ್ಲಿ. ಪದ್ಧತಿಯಿಂದ ಹೊರಬಂದ ಮಹಿಳೆಯರೇ ಸೇರಿ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ'ಯನ್ನು ಕಟ್ಟಿಕೊಂಡರು. 'ಮಾಸ್' ಎಂಬ ಚುಟುಕು ಹೆಸರು ಜನರ ಬಾಯಲ್ಲಿದೆ. ಸದಸ್ಯರೂ ಅವರೇ, ಆಡಳಿತ ಮಂಡಳಿಯೂ ಅವರದೇ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ನೆರವಾಗಲು ಬಂದ ಸಂಸ್ಥೆ ಒಡೆತನ ಇಟ್ಟುಕೊಳ್ಳದೆ ಹಿಂದೆ ಸರಿಯಿತು. ನೆರವು ಪಡೆದವರು ತಮ್ಮ ಪಾಲಿನ ಬಿಡುಗಡೆ ಸಿಕ್ಕಿತೆಂದು ಮನೆಯಲ್ಲಿ ಕೂರಲಿಲ್ಲ.

ಕೂರಬಹುದಿತ್ತು. ಅದಕ್ಕೆ ಯಾರೂ ಬೈಯುತ್ತಿರಲಿಲ್ಲ. ಅಷ್ಟು ಅವಮಾನ ಉಂಡವರು, ಹಳೆಯದನ್ನು ಮರೆತು ಗುರುತು ಸಿಗದ ಊರಿಗೆ ಹೋಗಿ ಬದುಕುವುದೇ ಸಹಜ. ಆದರೆ ಅವರು ತಮಗೆ ನೋವಾದ ಜಾಗಕ್ಕೇ ಮರಳಿ ಹೋದರು. ಜಾತ್ರೆಯ ದಿನಗಳಲ್ಲಿ ಗುಡ್ಡದಲ್ಲಿ ಮಕ್ಕಳಿಗೆ ಮುತ್ತು ಕಟ್ಟಿಸದಂತೆ ಕಾದರು. ಯಾವ ಕೇರಿಯಲ್ಲಿ ಯಾವ ಹುಡುಗಿಗೆ ಜಟೆ ಬಂದಿದೆ ಎಂದು ವಿಚಾರಿಸಿ, ಅದು ಎಣ್ಣೆ ನೀರು ಕಾಣದ ಕೂದಲಿನ ಗಂಟು ಅಷ್ಟೇ, ದೇವಿಯ ಕರೆ ಅಲ್ಲ ಎಂದು ಹೆತ್ತವರ ಮುಂದೆ ಕೂತು ಹೇಳಿದರು, ಒಪ್ಪಿದವರ ಜಟೆ ತೆಗೆದರು. ಕೂದಲು ಮುಟ್ಟಿದರೆ ರಕ್ತ ಕಾರಿ ಸಾಯುತ್ತಾರೆ ಎಂಬ ಭಯ ಆಳವಾಗಿರುವಲ್ಲಿ ಕತ್ತರಿ ಹಿಡಿಯುವವರಿಗೂ ಧೈರ್ಯ ಬೇಕು. ಈ ಮಾತನ್ನು ಒಬ್ಬ ಅಧಿಕಾರಿಯೋ ಪಾದ್ರಿಯೋ ಹೇಳಿದರೆ ತಾಯಿ ಕೇಳುವುದಿಲ್ಲ. ತನ್ನ ಕೊರಳಿಗೂ ಮುತ್ತು ಬಿದ್ದಿತ್ತು, ಏನಾಯಿತು ನೋಡು ಎಂದು ಹೇಳಬಲ್ಲವಳ ಮಾತು ಕೇಳುತ್ತಾಳೆ.

ಈ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಮಗು ಅವರು. ಪ್ರಶಸ್ತಿ ಬಂದ ದಿನ ಪತ್ರಿಕೆಗಳು ಅವರ ನೋವಿನ ಕಥೆಯನ್ನೇ ಹೆಚ್ಚು ಬರೆದವು. ಅದಕ್ಕಿಂತ ಹೆಚ್ಚಾಗಿ ಬರೆಯಬೇಕಾದದ್ದು ಆಮೇಲಿನ ವರ್ಷಗಳ ಓಡಾಟವನ್ನು.

ಸಂತರ ಸಾಲಿನಲ್ಲಿ

ಧರ್ಮಸಭೆಯಲ್ಲಿ ಇದಕ್ಕೆ ಹತ್ತಿರದ ಬಾಳು ಸಂತ ಜೋಸೆಫಿನ್ ಬಖೀತಾ ಅವರದು. ಸುಡಾನಿನ ದಾರ್ಫುರ್ ಸೀಮೆಯಲ್ಲಿ ಸುಮಾರು 1869ರಲ್ಲಿ ಹುಟ್ಟಿದ ಇವರನ್ನು ಚಿಕ್ಕಂದಿನಲ್ಲೇ ಅಪಹರಿಸಿ ಹಲವು ಸಲ ಮಾರಲಾಯಿತು. ಬಖೀತಾ ಎಂಬುದು ಹೆತ್ತವರು ಇಟ್ಟ ಹೆಸರೂ ಅಲ್ಲ, ಹಿಡಿದವರು ಇಟ್ಟದ್ದು. ಇಟಲಿಗೆ ಬಂದ ಮೇಲೆ ವೆನಿಸ್‌ನ ಕನೋಸಿಯನ್ ಧರ್ಮಭಗಿನಿಯರ ಆಶ್ರಯದಲ್ಲಿದ್ದಾಗ ಯಜಮಾನಿ ಕರೆದೊಯ್ಯಲು ಬಂದರೆ ಇವರು ಹೋಗಲು ಒಪ್ಪಲಿಲ್ಲ. ಇಟಲಿಯ ನೆಲದಲ್ಲಿ ಇವರು ಗುಲಾಮಳಲ್ಲ ಎಂದು 1889ರ ನವೆಂಬರ್ 29ರಂದು ನ್ಯಾಯಾಲಯ ತೀರ್ಪಿತ್ತಿತು. ಬದುಕಿನಲ್ಲಿ ಮೊದಲ ಬಾರಿ ತನ್ನಿಷ್ಟದಂತೆ ನಡೆಯಬಹುದಾದ ಆಕೆ ಮಾಡಿದ್ದೇನು? 1890ರ ಜನವರಿ 9ರಂದು ದೀಕ್ಷಾಸ್ನಾನ ಪಡೆದು, 1896ರಲ್ಲಿ ವಿಧೇಯತೆಯ ವ್ರತ ಸ್ವೀಕರಿಸಿ, ಸ್ಕಿಯೊ ಪಟ್ಟಣದ ಮಠದಲ್ಲಿ ಅಡುಗೆ, ಹೊಲಿಗೆ, ಬಾಗಿಲು ಕಾಯುವ ಕೆಲಸ ಮಾಡಿದರು. ಹಿಂದೆ ಹೊಡೆತದ ಭಯದಿಂದ ಮಾಡುತ್ತಿದ್ದ ಕೆಲಸಗಳೇ ಇವು. ಕೈ ಅದೇ, ಕೆಲಸ ಅದೇ, ಬದಲಾದದ್ದು 'ಆಗಲಿ' ಎಂದವರು ಯಾರು ಎಂಬುದು. 2000ದ ಅಕ್ಟೋಬರ್ 1ರಂದು ಪೋಪ್ ದ್ವಿತೀಯ ಜಾನ್ ಪೌಲರು ಇವರನ್ನು ಸಂತರೆಂದು ಘೋಷಿಸಿದರು. ಇವರ ಹಬ್ಬದ ದಿನವಾದ ಫೆಬ್ರವರಿ 8ನ್ನು 2015ರಿಂದ ಮಾನವ ಸಾಗಾಟದ ವಿರುದ್ಧ ಪ್ರಾರ್ಥನಾ ದಿನವಾಗಿ ಆಚರಿಸಲಾಗುತ್ತಿದೆ.

ಯಜಮಾನಿಕೆಯ ಪ್ರಲೋಭನೆ

ನಮ್ಮವರ ದಾಖಲೆ ಇಲ್ಲಿ ಅಷ್ಟೇನೂ ಸ್ವಚ್ಛವಾಗಿಲ್ಲ ಎಂಬುದನ್ನೂ ಹೇಳಬೇಕು. ಪೌಲರ ಇದೇ ಪತ್ರವನ್ನು ಬಲಿಪೂಜೆಯಲ್ಲಿ ಕೇಳುತ್ತಿದ್ದ ಪೋರ್ಚುಗೀಸರ ಕಾಲದ ಗೋವೆಯ ಕ್ರೈಸ್ತ ಮನೆಗಳಲ್ಲಿ ಗುಲಾಮರಿದ್ದರು. ಮತಾಂತರವಾದರೂ ಜಾತಿಯ ಮೇಲುಕೀಳು ಕರಾವಳಿಯ ಕ್ರೈಸ್ತರನ್ನು ಬಿಟ್ಟುಹೋಗಲಿಲ್ಲ. ಹಾಗಾಗಿ ಘಟ್ಟದ ಮೇಲಿನವರಿಗೆ ಪಾಠ ಹೇಳುವ ಸ್ಥಾನದಲ್ಲಿ ನಾವಿಲ್ಲ.

ಸೇವೆ ಮಾಡುವವರಿಗೆ ಇನ್ನೊಂದು ಅಪಾಯವಿದೆ. ನೆರವು ಕೊಟ್ಟವನು ನಿಧಾನವಾಗಿ ಧಣಿಯಾಗುತ್ತಾನೆ. ನೀನು ನಮ್ಮಿಂದ ಉದ್ಧಾರವಾದವಳು ಎಂದು ನೆನಪಿಸುತ್ತಿದ್ದರೆ, ಕೃತಜ್ಞತೆಯನ್ನೋ ಚರ್ಚಿಗೆ ಬರುವುದನ್ನೋ ಪ್ರತಿಫಲವಾಗಿ ಬಯಸಿದರೆ, ಕೊರಳಿಗೆ ಇನ್ನೊಂದು ಮುತ್ತು ಕಟ್ಟಿದಂತೆಯೇ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು, ವಿಶ್ವಾಸವನ್ನು ಒತ್ತಾಯದಿಂದ ಹೇರುವುದನ್ನೂ, ಬಡವರ ಮತ್ತು ತಿಳಿವಳಿಕೆ ಕಡಿಮೆ ಇರುವವರ ವಿಷಯದಲ್ಲಿ ಅನುಚಿತವಾಗಿ ಮನವೊಲಿಸುವುದನ್ನೂ ಸ್ಪಷ್ಟವಾಗಿ ತಳ್ಳಿಹಾಕಿದೆ. ಪೌಲರು ಸೇವೆ ಎಂಬ ಪದದ ಮುಂದೆ 'ಪ್ರೀತಿಯಿಂದ' ಎಂದು ಸೇರಿಸಿದ್ದು ಅಲಂಕಾರಕ್ಕಲ್ಲ. ಘಟಪ್ರಭಾದಲ್ಲಿ ಸಂಸ್ಥೆಯ ಕೀಲಿಕೈಯನ್ನು ಮಹಿಳೆಯರ ಕೈಗೇ ಒಪ್ಪಿಸಿದ ರೀತಿ ಈ ದೃಷ್ಟಿಯಿಂದ ನಮ್ಮ ಸೇವಾಸಂಸ್ಥೆಗಳು ನೋಡಿ ಕಲಿಯುವಂಥದ್ದು.

ಕೆಲಸ ಮುಗಿದಿಲ್ಲ. ವಯಸ್ಸಾದ ಮಾಜಿ ದೇವದಾಸಿಯರಿಗೆ ಮಾಸಾಶನ, ಮನೆ, ನಿವೇಶನ ಸಿಗುವುದು ಇಂದಿಗೂ ಅಲೆದಾಟದ ಮಾತೇ. ಮಕ್ಕಳು ಶಾಲೆಗೆ ಸೇರುವಾಗ, ಜಾತಿ ಪ್ರಮಾಣಪತ್ರ ಪಡೆಯುವಾಗ, ತಂದೆಯ ಹೆಸರು ಎಂಬ ಕಾಲಂ ಎದುರಾಗುತ್ತಿತ್ತು. ಎಷ್ಟೋ ತಾಯಂದಿರು ಅಲ್ಲಿ ದೇವರ ಹೆಸರನ್ನೋ ತಮ್ಮ ಅಣ್ಣನ ಹೆಸರನ್ನೋ ಬರೆಸಿ ಬಂದಿದ್ದಾರೆ. 2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆಯಲ್ಲಿ ತಂದೆಯ ಹೆಸರಿಗಾಗಿ ಒತ್ತಾಯಿಸಬಾರದು ಎಂಬ ಅಂಶವೂ, ಬೇಕೆನಿಸಿದ ಮಕ್ಕಳು ತಂದೆ ಯಾರೆಂದು ಸಾಬೀತುಪಡಿಸಿಕೊಳ್ಳುವ ಹಕ್ಕೂ ಸೇರಿವೆ. ಆ ಕಾಲಂ ಅನ್ನು ಖಾಲಿ ಬಿಡಬೇಕೋ ತುಂಬಬೇಕೋ ಎಂಬುದನ್ನು ಇನ್ನು ಮಕ್ಕಳೇ ತೀರ್ಮಾನಿಸಬಹುದು.